ಕೆರೆಯಂಗಳದ ಕೂಗು

ಏಯ್, ನಗೋರು ಎದ್ದು ಹೋಗ್ರಿ. ಇದು ನಮ್ಮ ದೊಡ್ಡಪ್ಪನ ಮಗ ಬೋರಣ್ಣಂಗೇ ಆಗಿದ್ದು. ಅರವತ್ತಮೂರೋ ಅರವತ್ನಾಲ್ಕೋ... ತಿಲಕ್ ನಗರದ ಡಿಪೋಗೆ ಸೌದೆ ಹಾಕಿ, ಕತ್ತಲಲ್ಲಿ ಹುಳಿಮಾವಿಗೆ ನಡ್ಕೊಂಡು ಬರ್ತಿದ್ದ. ಏರಿ ಮೇಲಿನ ಆಲದ ಮರ ದಾಟ್ದ. ಬತ್ತಿದ ಕೆರೆ ಒಳಗಿಂದ ಶಬ್ದ. ಟಣ್... ಟಣ್... ಕಾದ ತಗಡು ಆರುವಾಗ ಬರುತ್ತಲ್ಲ, ಅದು. ಆಮೇಲೆ ಒಂದು ಕೂಗು.

ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿ ಬಂದು ಚಿಲಕ ಹಾಕ್ದ.

"ಲಕ್ಷ್ಮೀ, ಅವನು ಬಂದವ್ನೆ ಕಣೇ," ಅಂದ ಹೆಂಡ್ತಿ ಕಿವೀಲಿ.

"ಯಾರು?"

"ಪೈಲಟ್ಟು."

ಪೈಲಟ್ ಸತ್ತು ತಿಂಗಳಾಗಿತ್ತು. ಮಿಲಿಟರಿ ಜೆಟ್ಟು ಇಳಿಯೋಕೆ ಅಂತ ತಗ್ಗಿ ಬಂದಿದ್ದು ಏರ್‌ಪೋರ್ಟ್ ಮುಟ್ಟಲಿಲ್ಲ. ನಮ್ಮ ಕೆರೆಯಂಗಳಕ್ಕೇ ಹೊಟ್ಟೆ ಉಜ್ಕೊಂಡು ಬಿತ್ತು. ಗೊರ್... ಧಡ್! ರೆಕ್ಕೆ ಕಿತ್ಕೊಂಡು ಹಾರ್ತು. ಬೆಂಕಿ. ಅಲ್ಲೇ ಸೌದೆ ಕಡೀತಿದ್ದ ಬೋರಣ್ಣ ಮಚ್ಚು ಹಿಡ್ಕೊಂಡೇ ಓಡ್ದ. ಮೇಲಿನ ಗಾಜು ಒಡೆದಿತ್ತು. ಪೈಲಟ್‌ನ್ನ ಹೆಗಲ ಮೇಲಿಂದ ಸೀಟಿಗೆ ಪಟ್ಟಿಗಳು ಬಿಗಿದಿದ್ವು, ಕಾಲು ಉರೀತಿತ್ತು. ಮಚ್ಚು ನೋಡಿ ಒಂದೇ ಸಮ ಕಿರುಚ್ತಾನೆ... "ಕೊಲ್ಲೋ! ಕೊಲ್ಲೋ!"

ಉರೀತಾ ಇರೋನು ಹಂಗೆ ಬೇಡ್ಕೊಂಡ್ರೆ ನೀವೇನ್ ಮಾಡ್ತಿದ್ರಿ, ಹೇಳಿ ನೋಡೋಣ? ಬೋರಣ್ಣ ಅಳ್ತಾ ಅಳ್ತಾ ಕತ್ತಿಗೆ ಹೊಡ್ದ. ಒಂದೇಟಿಗೆ ಪ್ರಾಣ ಹೋಗಲಿಲ್ಲ. ಎರಡನೇದಕ್ಕೆ ಕೂಗು ನಿಂತೋಯ್ತು. ಮಿಕ್ಕಿದ್ದು ಬೆಂಕಿ ಸುಡ್ತು. ಪುಣ್ಯದ ಕೆಲಸ ಅಂತಲೇ ತಿಳ್ಕೊಂಡಿದ್ದ, ಪಾಪ.

ಈ ಕೂಗು ಕೇಳಿದ ದಿನ ಸಂಜೆ ಡಿಪೋ ಸಾಹೇಬರು ಗಾಡಿಯವನಿಗೆ ಹಿಂದೀಲಿ "ಖೋಲೋ, ಖೋಲೋ" ಅಂತ ಕೂಗಿದ್ರಂತೆ. ಗಾಡಿಯವನು ಹಗ್ಗ ಬಿಚ್ಚಿದನಂತೆ.

"ಬಿಚ್ಚು ಅಂದಿದ್ದ ಕಣೇ ಅವನು!" ಬೋರಣ್ಣ ಗೋಡೆಗೆ ತಲೆ ಚಚ್ಕೊಂಡ. "ಆ ಮಚ್ಚಲ್ಲಿ ಪಟ್ಟಿ ಕುಯ್ದಿದ್ರೆ ಬದುಕ್ತಿದ್ದ. ನಾನೇ ಕೊಂದುಬಿಟ್ಟೆ..."

ಬಾಗಿಲ ಮೇಲೆ ಉಗುರು. ಪರ್... ಪರ್...

"ಖೋಲೋ."

ಲಕ್ಷ್ಮಮ್ಮತ್ತಿಗೆ ಗಂಡನ ಸೊಂಟಕ್ಕೆ ಜೋತುಬಿದ್ಲು. ಅವಳನ್ನ ಒದ್ದು, "ಬಂದೆ ಕಣಪ್ಪಾ, ಬಿಚ್ತೀನಿ" ಅಂತ ಚಿಲಕ ತೆಗೆದು ಓಡ್ದ.

ಬೆಳಿಗ್ಗೆ ಸಿಕ್ದ. ಜೆಟ್ ಬಿದ್ದಿದ್ದ ಗುಂಡೀಲಿ ನೆಟ್ಟಗೆ ಕೂತಿದ್ದ. ಉಸಿರಿಲ್ಲ. ಮೊಣಕಾಲ ತನಕ ಬೆಂದುಹೋಗಿತ್ತು, ಪಂಚೆಗೆ ಮಾತ್ರ ಒಂದು ಕಿಡಿ ತಾಕಿರಲಿಲ್ಲ. ನಾಲ್ಕಾಳು ಎಳೆದ್ರೂ ಹೆಣ ಮೇಲೇಳಲಿಲ್ಲ. ಹಗ್ಗ ಇಲ್ಲ, ಬೇರಿಲ್ಲ, ಏನೂ ಇಲ್ಲ! ಅತ್ತಿಗೆ ಯಾರದೋ ಕುಡುಗೋಲು ಕಿತ್ಕೊಂಡು, ಅವನ ಹೆಗಲ ಮೇಲೆ ಬರೀ ಗಾಳಿ ಕುಯ್ದ್ಲು.

ಪಟ್... ಅಂತು.

ಇನ್ನೊಂದು ಹೆಗಲು. ಪಟ್.

ಹೆಣ ಸಡಿಲಾಗಿ ವಾಲ್ತು. ಸುಳ್ಳಾಗಿದ್ರೆ ನನ್ನ ನಾಲಿಗೆ ಸೇದ್ಹೋಗ್ಲಿ. ಅವನ ಎಡಗೈ ಹಿಡ್ಕೊಂಡು ಎಳೀತಿದ್ದೋನು ನಾನೇ.