ತೆಲುಗಿನಾಗ ಹೇಳಿದ ಮೇಲೆ

ಆದವಾನಿ ಸ್ಟೇಷನ್ನಿನಲ್ಲಿ ಮದರಾಸಿನ ಗಾಡಿ ಕಾಯುತ್ತಿದ್ದ ಶೇಷಮ್ಮನ ಪಕ್ಕದಲ್ಲಿ ಒಬ್ಬ ವಿಧವೆ, ಅವಳ ಮೈದುನ ಕೂತಿದ್ದರು. ಕಿವಿಗೇನು ಕದವಿರುತ್ತದೆಯೇ? ಅವರ ಮಾತು ಬಿತ್ತು.

“ನಿಮ್ಮಣ್ಣ ನಿಂತ ನಿಲುವಿನಾಗ ಹ್ವಾದ್ರು. ನೀನಾರ ಮಷೀನಿನಾಗ ಗುಂಡಿಗಿ ಪರೀಕ್ಷಿ ಮಾಡಿಸ್ಕೋ, ಏಕಾಂತಪ್ಪ. ಎದಿಮ್ಯಾಗಿನ ಲಿಂಗ ಮಾತ್ರ ತೆಗೀಬ್ಯಾಡ.”

“ತೆಗೆಯೋದ ಬೇಕಿದ್ದಿಲ್ಲ, ಅತ್ತಿಗಿ. ಅಂಗೈಯಾಗ ಹಿಡ್ಕೊಂಡ್ರ ಸಾಕಂತ. ನಿನ್ನೆ ಇಲ್ಲಿನ ಡಾಕ್ಟರು ತೆಲುಗಿನಾಗ ಹೇಳಿದ್ರು.”

“ಮತ್ತ ಅವತ್ತು ಮದರಾಸಿನಾಗ ತೆಗಿ ಅಂದ್ರಂತ? ಅದಕ್ಕ ನಿಮ್ಮಣ್ಣ ಪರೀಕ್ಷಿ ಬ್ಯಾಡಂತ ತಿರುಗಿ ಬಂದ್ರಲ್ಲ?”

“ಹಂಗಂತ ಅಣ್ಣಗ ಹೇಳಿದಾಂವ ನಾನ. ಆ ಡಾಕ್ಟರ ಇಂಗ್ಲಿಷು ನನಗ ಪೂರಾ ತಿಳೀಲಿಲ್ಲ. ಇನ್ನೊಮ್ಮೆ ಕೇಳಾಕ ನಾಚಿಕಿ ಆತು.”

ಗಾಡಿ ಬಂತು. ಮೈದುನ ತಲೆ ಎತ್ತಲಿಲ್ಲ. ಅತ್ತಿಗೆ ಗಂಟು ಎತ್ತಿಕೊಂಡಳು.

“ಏಳು. ಈ ಸಲ ನಾನ ಕೇಳ್ತೀನಿ. ನನಗಿನ್ನ ಯಾತರ ನಾಚಿಕಿ?”