ಕನ್ನಡ ಮೀಡಿಯಂ, ಒಟ್ಟು ನಲವತ್ತು

ಅಲ್ರೀ ಮೇಡಂ, ನಲವತ್ತಂದ್ರ ನಲವತ್ತೇ. ಬೇಕಾರ ಇನ್ನೊಂದು ಸಲ ಎಣಿಸ್ರಿ... ಮೂವತ್ತೊಂಬತ್ತು? ಹಂಗಾರ ಯಾರೋ ನೀರು ಕುಡಿಯಾಕ ಹೋಗಿರ್ಬೇಕು. ಕುಂದ್ರಿ, ಕುಂದ್ರಿ. ಆ ಕುರ್ಚಿ ಬ್ಯಾಡ್ರಿ, ಅದಕ್ಕ ಮೂರೇ ಕಾಲು. ಸ್ಟಾಕ್ ರಿಜಿಸ್ಟರಿನಾಗ ನಾಕೈತಿ.

ಯಾಕ ನಗ್ತೀರಿ? ಖರೇನ ಹೇಳ್ತೀನಿ. ಆಂಧ್ರದ ಈ ರಾಯದುರ್ಗದಾಗ ಕನ್ನಡ ಹೈಸ್ಕೂಲು ನಡೆಸೋದಂದ್ರ ಪಾಠ ಹೇಳೋದಲ್ರಿ, ಹುಡುಗರನ್ನ ಹುಡುಕೋದು! ಹನ್ನೆರಡು ವರ್ಷದಿಂದ ಈ ಕದರಪ್ಪನೇ ಇಲ್ಲಿ ಹೆಡ್‌ಮಾಸ್ಟರು. ನಾ ಬಂದಾಗ ಇನ್ನೂರಾ ಹದಿನಾರು ಇದ್ರು. ಅರ್ಧ ಇಂಗ್ಲಿಷಿಗೆ ಹೋದ್ರು, ಉಳಿದೋರಾಗ ಅರ್ಧ ತೆಲುಗಿಗೆ, ಒಂದಿಷ್ಟು ಬಳ್ಳಾರಿಗೆ. ನಾ ಎಲ್ಲೂ ಹೋಗಲಿಲ್ಲ. ನನ್ನನ್ನ ಯಾರೂ ಕರೀಲಿಲ್ಲ.

ಈ ಫಾರಂ ನೋಡ್ರಿ. ಹುಡುಗರು ಹದಿನೇಳು, ಹುಡುಗ್ಯಾರು ಇಪ್ಪತ್ಮೂರು. ಗಂಡು ಹುಡುಗರನ್ನ ಫೀಜು ಕಟ್ಟಿ ಬಸ್ಸಿರೋ ಸಾಲಿಗೆ ಕಳಿಸ್ತಾರ, ಹುಡುಗ್ಯಾರನ್ನ ನಮಗ ಬಿಡ್ತಾರ. ಬಿ.ಸಿ. ಇಪ್ಪತ್ತೆರಡು, ಎಸ್.ಸಿ. ಹನ್ನೊಂದು, ಎಸ್.ಟಿ. ನಾಕು, ಮೈನಾರಿಟಿ ಮೂರು. ಮಾತೃಭಾಷೆ ಅಂತ ಒಂದು ಕಾಲಂ ಐತಲ್ರಿ, ಅದೇ ದೊಡ್ಡ ತ್ರಾಸು. "ಮನ್ಯಾಗ ಏನ್ ಮಾತಾಡ್ತೀಯಪ್ಪ?" ಅಂದ್ರ ಒಬ್ಬ, "ಅವ್ವನ ಕೂಡ ಕನ್ನಡ ಸಾರ್, ಅಪ್ಪನ ಕೂಡ ತೆಲುಗು, ಅಪ್ಪ ಕುಡಿದು ಬಂದ್ರ ಮಾತೇ ಇಲ್ಲ" ಅಂದ. ಅದಕ್ಕ ಫಾರಂನಾಗ ಕೋಡ್ ಇಲ್ರಿ. ಕನ್ನಡ ಅಂತ ಬರ್ದೀನಿ.

ನಲವತ್ತರ ಕೆಳಗ ಇಳಿದ್ರ ತೆಲುಗು ಸಾಲಿಗೆ ಕಲಸ್ತೀವಿ ಅಂತ ಕಾಗದ ಕಳಿಸಿದ್ದು ನಿಮ್ಮ ಆಫೀಸೇ ಮೇಡಂ. ಈ ನಲವತ್ತರಾಗ ಹದಿನಾಕು ಒಂದೇ ಓಣಿಯೋರು, ಜೀನ್ಸ್ ಹೊಲಿಯೋರ ಓಣಿ. ಅಲ್ಲಿ ತಿಪ್ಪಯ್ಯ ಅಂತ ಅದಾನ, ಹದಿನೆಂಟು ಮಿಷಿನ್ ಇಟ್ಟಾನ. ಓಣಿಯೋರೆಲ್ಲ ಅವನ ಹತ್ರ ದುಡಿಯೋರು. ಅವ ಹೂಂ ಅಂದ್ರ ಹದಿನಾಕೂ ಇಲ್ಲಿ. ಊಹೂಂ ಅಂದ್ರ ಹದಿನಾಕೂ ಆ ಕಡೆ.

ಏನ್ರಿ? ಯಾವ ಹೆಸರು? ವಿದ್ಯಾಶ್ರೀ... ಹೌದ್ರಿ, ತಿಪ್ಪಯ್ಯನ ಮಗಳೇ. ಹತ್ತನೇ ಕ್ಲಾಸು. ಇವತ್ತು ಜ್ವರ ಅಂತ... ನಿನ್ನೆ? ನಿನ್ನೆ ಬಂದಿದ್ಲಲ್ರಿ, ಟಿಕ್ ಐತಲ್ಲ! ಮೊನ್ನೇನೂ ಐತಿ. ಹೋದ ತಿಂಗಳು ಪೂರಾ... ಏನು, ಭಾನುವಾರ? ಭಾನುವಾರನೂ ಹಾಜರಿ ಐತಾ?

ಭಾಳ ಹುಷಾರಿ ಹುಡುಗಿ ಬಿಡ್ರಿ.

ಯಾಕ, ಈಗ ನಗವಲ್ರಿ... ಚಾ ತರಿಸ್ಲಾ? ಬ್ಯಾಡೇನ್ರಿ? ಆ ಹೆಸರಿನ ಮ್ಯಾಲಿಂದ ಬೆರಳೊಂದು ತೆಗೀರಿ ಮೇಡಂ, ಮುಂದಿನ ಹಾಳಿ ನೋಡೋಣ...

ಆಕಿ ಮಾವನ ಊರಿಗೆ ಹೋಗ್ಯಾಳ್ರಿ. ಅಮರಾಪುರದ ಕಡೆ. ಅವ್ವನ ತಮ್ಮ. ನೋಡಾಕಲ್ಲ... ಇರಾಕ.

ಹದಿನೈದು ತುಂಬಿತ್ತು. ಹುಟ್ಟಿದ ತಾರೀಖು ಅಲ್ಲೇ ಐತಿ, ನಾನೇ ಬರ್ದಿದ್ದು.

ನಾನೇ ಹೇಳ್ತೀನಿ. ಮದುವಿಗೆ ನಾಕು ದಿನ ಮುಂಚೆ ಆಕಿ ಇದೇ ಟೇಬಲ್ ಮುಂದ ನಿಂತಿದ್ಲು. "ಸಾರ್, ನೀವೊಂದು ಫೋನ್ ಮಾಡ್ರಿ. ಆಫೀಸರ್ರು ಬಂದ್ರ ಅಪ್ಪ ಹೆದರ್ತಾನ" ಅಂದ್ಲು. ನಂಬರೂ ಆಕೀನ ಹೇಳಿದ್ಲು, ಹತ್ತು ತೊಂಬತ್ತೆಂಟು, ಮಕ್ಕಳ ಸಹಾಯವಾಣಿದು. ಕ್ಲಾಸಿನಾಗ ಬಾಯಿಪಾಠ ಮಾಡಿಸಿದ್ದು ನಾನೇ ಅಲ್ರಿ... ಮರ್ತಿರಲಿಲ್ಲ ಆಕಿ.

ಫೋನು ಕೈಯಾಗೇ ಇತ್ತು. ನಾ ಎಣಿಸಿದೆ ಮೇಡಂ. ನಲವತ್ತರಾಗ ಹದಿನಾಕು ಹೋದ್ರ ಇಪ್ಪತ್ತಾರು. "ನಾಳೆ ನೋಡೋಣವ್ವ" ಅಂದೆ. ನಾಳೇನೂ ಬಂದ್ಲು. "ನಾಳೆ" ಅಂದೆ. ಆಮ್ಯಾಲ ಬರಲಿಲ್ಲ. ಅವತ್ತಿಂದ ದಿನಾ ಹಾಜರಿ ಹಾಕೀನಿ. ಹೆಸರು ಕೂಗ್ತೀನಿ, ಟಿಕ್ ಹಾಕ್ತೀನಿ. ಕ್ಲಾಸಿನಾಗ ಒಬ್ಬರೂ "ಇಲ್ಲ ಸಾರ್" ಅನ್ನಲ್ರಿ. ತಲಿ ತಗ್ಗಿಸಿ ಕುಂದರ್ತಾವ.

ಬರಕೊಳ್ರಿ, ಮೂವತ್ತೊಂಬತ್ತು ಅಂತನ ಬರಕೊಳ್ರಿ. ಸಾಲಿ ಏನಾದ್ರೂ ಆಗ್ಲಿ. ಏನರ ಅನ್ರಿ ಮೇಡಂ... ಬೈರಿ ಬೇಕಾರ...

ಮದುವಿಗೂ ಹೋಗಿದ್ದೆ. ತಿಪ್ಪಯ್ಯ ಮುಂದಿನ ಸಾಲಿನಾಗ ಕುಂದ್ರಿಸಿದ. ಅಕ್ಕಿಕಾಳು ಹಾಕಾಕ ಹತ್ರ ಹೋದ್ರ, ಆಕಿ ಬಾಸಿಂಗ ಕಟ್ಟಿಕೊಂಡು ಕುಂತಾಕಿ ಗಡಬಡಿಸಿ ಎದ್ದು ನಿಂತ್ಲು. ಕ್ಲಾಸಿಗೆ ನಾ ಬಂದಾಗ ಏಳ್ತಾರಲ್ರಿ, ಹಂಗ. "ನಮಸ್ತೆ ಸಾರ್" ಅಂದ್ಲು.

"ಕುಂದ್ರವ್ವ" ಅಂದೆ.