ಅಣ್ಣನ ಬೆರಳು, ತಮ್ಮನ ಮಾತ್ರೆ

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಓ ಥ್ಮಾ ಊರಿನ ಪಂಚಾಯ್ತಿಯ ಮುಖ್ಯಸ್ಥರೇ, ಮೂರು ಗಂಟೆ ಕುಲುಕಾಡುತ್ತಾ ಜಿಲ್ಲಾ ಕೇಂದ್ರದಿಂದ ಬಂದಿರುವ ಆರೋಗ್ಯಾಧಿಕಾರಿಗಳೇ, ಈ ಮಂಟಪವನ್ನು ಬಿಟ್ಟುಕೊಟ್ಟ ವಿಹಾರದ ಹಿರಿಯ ಭಿಕ್ಷುಗಳೇ, ಇಂದಿನ ಸನ್ಮಾನಿತೆ ಥಾವಿಯವರೇ, ಚಾಪೆಯ ಮೇಲೆ ಒತ್ತಿಕೊಂಡು ಕುಳಿತಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ತೆಂಟು ವರ್ಷ ಮೇಷ್ಟ್ರಾಗಿದ್ದವನಿಗೆ ಐದು ನಿಮಿಷ ಹಾಜರಿ ಕೂಗುವುದಕ್ಕೂ ಸಾಲದು. ಅದರ ಮೇಲೆ ಹಿಂದುಗಡೆ ಶಾವಿಗೆಗೆ ಮೀನಿನ ಸಾರು ಕುದಿಯುತ್ತಿದೆ. ನನ್ನ ಮಾತು ಯಾವುದರ ಜೊತೆ ಸ್ಪರ್ಧಿಸಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿದೆ.

ನನಗೆ ಒಪ್ಪಿಸಿರುವ ಕೆಲಸ ಎರಡು. ಒಂದು, ಆರು ವರ್ಷಗಳಿಂದ ನಮ್ಮ ಊರಿನ ಮಲೇರಿಯಾ ಕಾರ್ಯಕರ್ತೆಯಾಗಿರುವ ಥಾವಿಯನ್ನು ಹೊಗಳುವುದು. ಎರಡು, ಈ ಮೇಜಿನ ಮೇಲಿರುವ ಕಾಗದಕ್ಕೆ ಸಹಿ ಹಾಕುವುದು. ಮೊದಲನೆಯದು ಸುಲಭ. ಎರಡನೆಯದೂ ಸುಲಭ ಎಂದೇ ಬೆಳಿಗ್ಗೆಯವರೆಗೆ ಅಂದುಕೊಂಡಿದ್ದೆ.

ಕಾಗದದ ಪಕ್ಕದಲ್ಲಿರುವ ಆ ಪುಟ್ಟ ಯಂತ್ರವನ್ನು ನೀವೆಲ್ಲ ಬಲ್ಲಿರಿ. ಬೆರಳಿನಿಂದ ಒಂದು ಹನಿ ರಕ್ತ ಕೊಟ್ಟರೆ ಎರಡು ನಿಮಿಷದಲ್ಲಿ ಒಂದು ಅಂಕಿ ತೋರಿಸುತ್ತದೆ. ಮಲೇರಿಯಾ ಮತ್ತೆ ಮತ್ತೆ ಮರುಕಳಿಸದಂತೆ ಬೇರುಸಹಿತ ಕೀಳುವ ಹದಿನಾಲ್ಕು ದಿನದ ಮಾತ್ರೆ ಇದೆಯಲ್ಲ, ಅದನ್ನು ನಿಮ್ಮ ರಕ್ತ ತಡೆದುಕೊಳ್ಳುತ್ತದೆಯೋ ಇಲ್ಲವೋ ಎಂದು ಆ ಅಂಕಿ ಹೇಳುತ್ತದೆ. ಕೆಲವರ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವ ಕಡಿಮೆ. ಅಂಥವರು ದಿನವೂ ಆ ಮಾತ್ರೆ ನುಂಗಿದರೆ ರಕ್ತದ ಕಣಗಳು ಒಡೆಯುತ್ತವೆ. ನಮ್ಮ ಕಡೆ ಇಂಥವರು ಅಪರೂಪವೇನಲ್ಲ.

ಸೆಕೆ ಹೆಚ್ಚಾದರೆ ಯಂತ್ರ ಮುನಿಸಿಕೊಂಡು ಕೆಲಸ ನಿಲ್ಲಿಸುತ್ತದೆ. ಥಾವಿ ಅದನ್ನು ಕಂಬಗಳ ಮೇಲೆ ನಿಂತ ತನ್ನ ಮನೆಯ ಕೆಳಗಿನ ನೆರಳಿನಲ್ಲಿ, ನೀರಿನ ಹಂಡೆಯ ಮಗ್ಗುಲಲ್ಲಿ ಇಟ್ಟು ಕಾಪಾಡಿದ್ದಾಳೆ. ಇದು ಯಾವ ತರಬೇತಿ ಪುಸ್ತಕದಲ್ಲೂ ಇಲ್ಲ.

ಈಗ ಹೊಸ ನಿಯಮ ಬಂದಿದೆ. ಯಂತ್ರ ಇಟ್ಟುಕೊಳ್ಳುವವರು ಒಂಬತ್ತನೇ ತರಗತಿ ಪಾಸಾಗಿರಬೇಕು. ಥಾವಿ ಓದಿರುವುದು ಐದನೆಯದು. ನಾನೇ ಪಾಠ ಹೇಳಿದ್ದೇನೆ. ಆದ್ದರಿಂದ ಯಂತ್ರ ಇವತ್ತೇ ಅಧಿಕಾರಿಗಳ ಗಾಡಿಯಲ್ಲಿ ನಲವತ್ತು ಕಿಲೋಮೀಟರ್ ದೂರದ ಆರೋಗ್ಯ ಕೇಂದ್ರಕ್ಕೆ ವಾಪಸ್ ಹೋಗಬೇಕು. ಇಲ್ಲವೇ ಊರಿನ ವಿದ್ಯಾವಂತರೊಬ್ಬರು ಜವಾಬ್ದಾರಿ ಹೊತ್ತು, ತಮ್ಮ ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಳ್ಳಬೇಕು. ಜ್ವರ ಬಂದಾಗಲೆಲ್ಲ ಥಾವಿ ಅವರ ಮನೆಗೆ ಹೋಗಿ ಬೀಗದ ಕೈ ಕೇಳಬೇಕು. ಆ ವಿದ್ಯಾವಂತ ನಾನಂತೆ.

ಅಧಿಕಾರಿಗಳೇ, ನಿಮಗೆ ಸಣ್ಣ ವಯಸ್ಸು, ಗೊತ್ತಿರಲಿಕ್ಕಿಲ್ಲ. ಓದಿದವರನ್ನು ಹುಡುಕಿ ಹುಡುಕಿ ಕೊಂದ ಆ ಆಳ್ವಿಕೆ ಎಪ್ಪತ್ತೊಂಬತ್ತರಲ್ಲಿ ಮುಗಿದು, ಈ ಊರಿಗೆ ಜನ ಒಬ್ಬೊಬ್ಬರಾಗಿ ನಡೆದುಕೊಂಡು ವಾಪಸ್ ಬಂದಾಗ, ಓದಲು ಬರೆಯಲು ಬಲ್ಲವರು ಎಷ್ಟು ಜನ ಉಳಿದಿದ್ದರು? ಇಬ್ಬರು. ಒಬ್ಬರಿಗೆ ಕಣ್ಣು ಕಾಣುತ್ತಿರಲಿಲ್ಲ. ಇನ್ನೊಬ್ಬ ನಾನು. ವಯಸ್ಸು ಹತ್ತೊಂಬತ್ತು, ಓದು ಏಳನೇ ತರಗತಿ. ಮಾವಿನ ಮರದ ಕೆಳಗೆ ನಿಲ್ಲಿಸಿ, ಇವತ್ತಿನಿಂದ ನೀನೇ ಮೇಷ್ಟ್ರು ಅಂದರು. ಅವತ್ತು ಯಾರಾದರೂ ನನ್ನ ಸರ್ಟಿಫಿಕೇಟ್ ಕೇಳಿದ್ದರೆ ಈ ಊರಿನಲ್ಲಿ ಅಕ್ಷರವೇ ಇರುತ್ತಿರಲಿಲ್ಲ. ಹಾಗೆ ನೋಡಿದರೆ ಒಂಬತ್ತು ಪಾಸಾದವನು ನಾನೂ ಅಲ್ಲ. ಆದರೂ ನಿಮ್ಮ ಲೆಕ್ಕದಲ್ಲಿ ನಾನು ವಿದ್ಯಾವಂತ. ಹೇಗೆ? ಕನ್ನಡಕ ಇದೆ, ಮನೆಯಲ್ಲಿ ಒಂದು ಗೋಡೆ ತುಂಬ ಪುಸ್ತಕ ಇದೆ.

ಇರಲಿ, ಥಾವಿಯ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನಮ್ಮ ಅಧ್ಯಕ್ಷರ ಅಳಿಯನಿಗೆ ಜ್ವರ ಬಂತು. ಅಧ್ಯಕ್ಷರು ಕ್ಷಮಿಸಬೇಕು, ಊರಿಗೆಲ್ಲ ಗೊತ್ತಿರುವ ಕಥೆ. ಅಳಿಯ ತಾನು ಬರಲಿಲ್ಲ, ತಮ್ಮನನ್ನು ಕಳಿಸಿದ.

“ಅಕ್ಕಾ, ನನ್ನ ಬೆರಳೇ ಚುಚ್ಚು. ಅಣ್ಣ ಮಲಗವ್ನೆ.”

“ನಿನ್ನ ಬೆರಳು ತಗೊಂಡು ನಾನೇನು ಪಲ್ಯ ಮಾಡ್ಲಾ? ಮಲಗಿರೋನ ಹತ್ರ ನಡಿ.”

“ಅವನು ಯಾರ ಅಳಿಯ ಗೊತ್ತಲ್ಲ?”

“ಗೊತ್ತು ಕಣೋ. ಅಳಿಯಂದಿರ ರಕ್ತ ಏನು ಹಸಿರಿರುತ್ತಾ?”

ಹಂಡೆಯ ಪಕ್ಕದಿಂದ ಯಂತ್ರ ಎತ್ತಿಕೊಂಡು ನಡೆದೇ ಹೋದಳು. ಮಂಚದ ಪಕ್ಕ ಕುಳಿತು, ಮಲಗಿದ್ದವನ ಬೆರಳನ್ನೇ ಹಿಡಿದಳು.

ನಗುತ್ತಿದ್ದೀರಿ, ನಗಿ. ಆದರೆ ಅವಳು ಯಾಕೆ ಇಷ್ಟು ಹಟಮಾರಿ ಎಂದು ಯಾರಾದರೂ ಕೇಳಿದ್ದೀರಾ?

ನಮ್ಮಲ್ಲಿ ಅಣ್ಣ ಹೋದರೆ ತಮ್ಮ ಹೋದ ಹಾಗೆ. ರಸ್ತೆ ಕೆಲಸಕ್ಕೆ ಮನೆಗೊಬ್ಬರು ಬರಬೇಕೆಂದರೆ ಅಣ್ಣ ಹೋಗುತ್ತಾನೆ. ಅಕ್ಕಿ ಹಂಚುವಾಗ ಅಣ್ಣನ ಹೆಬ್ಬೆಟ್ಟಿಗೆ ಇಡೀ ಮನೆಯ ಅಕ್ಕಿ ಸಿಗುತ್ತದೆ. ಯಾರೂ ತಪ್ಪು ಅನ್ನುವುದಿಲ್ಲ, ಸಾಲಿನ ಮುಂದೆ ಕೂತು ಪಟ್ಟಿ ಬರೆಯುವವರೂ ಅನ್ನುವುದಿಲ್ಲ. ನಾನೇ ಎಷ್ಟೋ ಪಟ್ಟಿ ಬರೆದಿದ್ದೇನೆ.

ಏಳು ವರ್ಷದ ಹಿಂದೆ ಈ ಯಂತ್ರ ನಮ್ಮ ಊರಿನಲ್ಲಿರಲಿಲ್ಲ. ಆ ನಲವತ್ತು ಕಿಲೋಮೀಟರ್ ದೂರದ ಕೇಂದ್ರದಲ್ಲಿತ್ತು. ಥಾವಿಯ ಕಿರಿಯ ತಮ್ಮ ವಿಚೆತ್, ಹತ್ತೊಂಬತ್ತರ ಹುಡುಗ, ಬೆತ್ತ ಕಡಿಯಲು ಕಾಡಿಗೆ ಹೋಗಿ ಒಂದೇ ವರ್ಷದಲ್ಲಿ ಮೂರನೇ ಸಲ ಜ್ವರ ಹೊತ್ತು ಬಂದ. ಮೋಟಾರ್ ಸೈಕಲ್ಲಿನ ಮೇಲೆ ಕೂರಿಸಿದರೆ ಪಕ್ಕಕ್ಕೆ ವಾಲುತ್ತಿದ್ದ. ಪರೀಕ್ಷೆ ಇಲ್ಲದೆ ಮಾತ್ರೆ ಕೊಡುವಂತಿಲ್ಲ. ಆಗ ಅವರಿಬ್ಬರ ತಾಯಿ ಫಲ್ಲಾ ಅಕ್ಕನಿಗೆ ಯಾರೋ ಓದಿಕೊಂಡವರು ಒಂದು ಉಪಾಯ ಹೇಳಿದರಂತೆ.

ಯಾರೋ ಅಲ್ಲ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ನಾನೇ ಹೇಳಿದ್ದು.

ಆಕೆ ಶಾಲೆಯ ಬಾಗಿಲಿಗೆ ಬಂದು ನಿಂತಿದ್ದಳು. “ಮೇಷ್ಟ್ರೇ, ಇವನನ್ನ ಕರ್ಕೊಂಡು ಹೋಗೋಕಾಗಲ್ಲ. ಏನು ಮಾಡ್ಲಿ ಹೇಳಿ.”

“ದೊಡ್ಡವನು ಸಾರುನ್ ಇದ್ದಾನಲ್ಲಕ್ಕ, ಅವನನ್ನ ಕಳ್ಸು. ಒಂದೇ ತಾಯಿ ಮಕ್ಕಳು, ರಕ್ತ ಬೇರೆ ಇರುತ್ತಾ? ತಮ್ಮನ ಹೆಸರೇ ಹೇಳ್ಲಿ.”

“ಹಾಗೆ ಮಾಡಬಹುದಾ?”

“ನಾನು ಓದಿದೀನಿ. ಈ ರಕ್ತದ ಕೊರತೆ ಮನೆತನದಲ್ಲಿ ಬರೋದು. ಒಬ್ಬನಿಗಿಲ್ಲ ಅಂದ್ರೆ ಇನ್ನೊಬ್ಬನಿಗೂ ಇಲ್ಲ.”

ನಾನು ಓದಿದ್ದು ಸುಳ್ಳಲ್ಲ, ಅರ್ಧ ಓದಿದ್ದೆ. ಇದು ತಾಯಿಯಿಂದ ಬರುತ್ತದೆ ಎಂಬ ಸಾಲಿನವರೆಗೆ ಓದಿದ್ದೆ. ಅದೇ ತಾಯಿಯ ಒಬ್ಬ ಮಗನಿಗೆ ಬಂದು ಇನ್ನೊಬ್ಬನಿಗೆ ಬರದೇ ಇರಬಹುದು ಎಂಬ ಮುಂದಿನ ಸಾಲನ್ನು ಆಮೇಲೆ ಓದಿದೆ.

ಸಾರುನ್‌ನ ಅಂಕಿ ಚೆನ್ನಾಗಿತ್ತು. ಚೀಟಿಯಲ್ಲಿ ವಿಚೆತ್ ಎಂದು ಬರೆದರು. ಮಾತ್ರೆ ಬಂತು. ಮೂರನೇ ದಿನ ಹುಡುಗನ ಮೂತ್ರ ಹಾಲಿಲ್ಲದ ಕಾಫಿಯ ಬಣ್ಣಕ್ಕೆ ತಿರುಗಿತು. ಫಲ್ಲಾ ಅಕ್ಕ ಮತ್ತೆ ಬಂದಳು. ಹದಿನಾಲ್ಕು ದಿನ ಅಂದರೆ ಹದಿನಾಲ್ಕು ದಿನ, ಅರ್ಧಕ್ಕೆ ನಿಲ್ಲಿಸಬಾರದು ಅಂದೆ. ಆರನೇ ದಿನ ಕೈ ಟ್ರ್ಯಾಕ್ಟರಿನ ಹಿಂದಿನ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟರು. ಕೇಂದ್ರ ಇನ್ನೂ ಹನ್ನೆರಡು ಕಿಲೋಮೀಟರ್ ಇರುವಾಗ ವಿಚೆತ್ ತೀರಿಕೊಂಡ.

ವಿಚಾರಣೆಗೆ ಇಬ್ಬರು ಬಂದರು. ಒಂದು ಪುಟದ ವರದಿ ಬರೆದರು. ತಾಯಿಯ ಹೆಬ್ಬೆಟ್ಟು ಬೇಕು, ಒಬ್ಬ ಸಾಕ್ಷಿ ಬೇಕು ಅಂದರು. ಸಾಕ್ಷಿಗೆ ಊರಿನ ವಿದ್ಯಾವಂತನನ್ನು ಕರೆದರು. ಅಂದರೆ ನನ್ನನ್ನು.

ಫಲ್ಲಾ ಅಕ್ಕನಿಗೆ ಓದಲು ಬರುವುದಿಲ್ಲ. ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡು ನನ್ನನ್ನು ನೋಡಿದಳು. “ಏನಂತ ಬರೆದವ್ರೆ ಮೇಷ್ಟ್ರೇ?”

“ನಡೆದದ್ದು ಬರೆದಿದ್ದಾರೆ ಅಕ್ಕ. ಒತ್ತು.”

ಒತ್ತಿದಳು. ಕೆಳಗೆ ನಾನು ಸಹಿ ಹಾಕಿದೆ.

ಫಲ್ಲಾ ಅಕ್ಕ, ನೀನು ಮೂರನೇ ಸಾಲಿನಲ್ಲಿ ಕೂತಿದ್ದೀಯ. ಅವತ್ತು ಓದಿ ಹೇಳದೇ ಇದ್ದದ್ದನ್ನು ಈಗ ಹೇಳುತ್ತೇನೆ, ನನಗೆ ಬಾಯಿಪಾಠ ಇದೆ. ‘ತಾಯಿಯ ಅಜ್ಞಾನದಿಂದಲೂ ವಂಚನೆಯಿಂದಲೂ ಬೇರೊಬ್ಬನ ರಕ್ತ ಪರೀಕ್ಷೆಗೆ ಒಳಪಟ್ಟು ರೋಗಿಯ ಸಾವು ಸಂಭವಿಸಿದೆ.’ ಹೀಗೆ ಬರೆದಿದ್ದರು. ನಿನ್ನ ಹೆಬ್ಬೆಟ್ಟು ಇರುವುದು ಈ ವಾಕ್ಯದ ಕೆಳಗೆ. ಅಜ್ಞಾನ ನಿನ್ನದಲ್ಲ, ವಂಚನೆಯೂ ನಿನ್ನದಲ್ಲ. ನೀನು ಮಾಡಿದ ತಪ್ಪು ಒಂದೇ, ಮೇಷ್ಟ್ರನ್ನು ನಂಬಿದ್ದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನೆರಡು ಮಾತು.

ಮಾನ್ಯ ಅಧಿಕಾರಿಗಳೇ, ಯಂತ್ರ ದೂರದಲ್ಲಿತ್ತು, ಅದಕ್ಕೇ ಒಬ್ಬನ ಬದಲು ಇನ್ನೊಬ್ಬ ಹೋದ. ರೋಗಿಯ ಹಾಸಿಗೆಯ ಬಳಿಗೇ ಯಂತ್ರ ಬಂದರೆ ಯಾರನ್ನು ಕಳಿಸುತ್ತೀರಿ? ಯಾಕೆ ಕಳಿಸುತ್ತೀರಿ? ಆರು ವರ್ಷದಲ್ಲಿ ಥಾವಿ ಇನ್ನೂರಕ್ಕೂ ಹೆಚ್ಚು ಜನರ ಬೆರಳು ಹಿಡಿದಿದ್ದಾಳೆ. ಅಂಕಿ ಕಡಿಮೆ ಬಂದ ಹತ್ತೊಂಬತ್ತು ಜನರಿಗೆ ಆ ಮಾತ್ರೆಯನ್ನು ದಿನವೂ ಕೊಡದೆ, ಡಾಕ್ಟರರ ಬಳಿಗೆ ತಾನೇ ಕರೆದುಕೊಂಡು ಹೋಗಿದ್ದಾಳೆ. ಅವರಲ್ಲಿ ಎಂಟು ಜನ ಈ ಮಂಟಪದಲ್ಲೇ ಕೂತಿದ್ದಾರೆ. ಐದನೇ ತರಗತಿ ಓದಿದವಳ ಕೈಯಲ್ಲಿ ಒಬ್ಬರೂ ಸಾಯಲಿಲ್ಲ. ಗೋಡೆ ತುಂಬ ಪುಸ್ತಕ ಇಟ್ಟುಕೊಂಡವನ ಕೈಯಲ್ಲಿ ಒಬ್ಬ ಸತ್ತ. ಯಾರ ಬೀರುವಿನಲ್ಲಿ ಬೀಗ ಹಾಕಬೇಕು, ನೀವೇ ಹೇಳಿ.

ಈ ಕಾಗದದಲ್ಲಿ ಜವಾಬ್ದಾರರು ಎಂಬ ಕಡೆ ನನ್ನ ಹೆಸರನ್ನು ಟೈಪು ಮಾಡಿ ತಂದಿದ್ದೀರಿ. ಅದನ್ನು ಹೊಡೆದು ಹಾಕಿದ್ದೇನೆ. ಥಾವಿಯ ಹೆಸರು ಬರೆದಿದ್ದೇನೆ. ಒಪ್ಪುವುದಾದರೆ ಊಟಕ್ಕೆ ಮುಂಚೆ ಅವಳ ಸಹಿ ತೆಗೆದುಕೊಳ್ಳಿ, ಹಾಕುವ ಮೊದಲು ಅವಳು ಪೂರ್ತಿ ಓದುತ್ತಾಳೆ, ಕಾಯಬೇಕಾಗುತ್ತದೆ. ಒಪ್ಪುವುದಿಲ್ಲವಾದರೆ ಯಂತ್ರವನ್ನು ಗಾಡಿಗೆ ಹಾಕಿಕೊಳ್ಳಿ. ಅದರ ಪಕ್ಕ ನನಗೂ ಒಂದು ಸೀಟು ಕೊಡಿ. ಜಿಲ್ಲಾ ಕಚೇರಿಯಲ್ಲಿ ಆ ಹಳೆಯ ವರದಿಯನ್ನು ತೆಗೆಸಿ, ತಾಯಿ ಎಂದಿರುವ ಕಡೆ ನನ್ನ ಹೆಸರನ್ನು, ತೆಪ್ ವನ್ನಾರಿತ್, ನಿವೃತ್ತ ಶಿಕ್ಷಕ ಎಂದು ಬರೆಯುವವರೆಗೆ ಅಲ್ಲೇ ಕೂರುತ್ತೇನೆ. ಯಂತ್ರ ಇಲ್ಲೇ ಉಳಿದರೂ ನಾನು ಆ ಗಾಡಿಯಲ್ಲಿ ಬರುವವನೇ.

ಐದು ನಿಮಿಷವನ್ನು ಇಷ್ಟುದ್ದ ಎಳೆದರೂ ಸಹಿಸಿದ ಅಧ್ಯಕ್ಷರಿಗೂ, ಸಾರು ತಳ ಹಿಡಿಯದಂತೆ ನೋಡಿಕೊಂಡ ತಾಯಂದಿರಿಗೂ, ಸಭಿಕರಿಗೂ, ಇಷ್ಟೆಲ್ಲ ಕೇಳಿಯೂ ಎದ್ದು ಹೋಗದೆ ನನ್ನನ್ನೇ ನೋಡುತ್ತಾ ಕೂತಿರುವ ಫಲ್ಲಾ ಅಕ್ಕನಿಗೂ ನನ್ನ ನಮಸ್ಕಾರ.